ಹತ್ತು ನಿಮಿಷ ಮುಂದಿದ್ದ ಗಡಿಯಾರ

ನಾನು ಮಾಡುವ ಕೆಲಸ ಏನೆಂದು ನಮ್ಮ ದೊಡ್ಡಮ್ಮನಿಗೆ ಇಪ್ಪತ್ತು ವರ್ಷಗಳಿಂದ ವಿವರಿಸುತ್ತಿದ್ದೇನೆ. ಅವರಿಗೆ ಅರ್ಥವಾಗಿರುವುದು ಇಷ್ಟು: ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. "ಚಿಕ್ಕೋಳಿದ್ದಾಗ ಇದನ್ನೇ ಮನೇಲಿ ಪುಕ್ಕಟೆ ಮಾಡ್ತಿದ್ಲು" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನದು ಗುಣಮಟ್ಟ ಪರೀಕ್ಷೆಯ ಕೆಲಸ. ಕ್ಯಾನ್ಸರ್ ರೋಗಿಗಳಿಗೆ ಕೊಡುವ, ವಿಕಿರಣ ಸೂಸುವ ಔಷಧಿಗಳನ್ನು ನಮ್ಮಲ್ಲಿ ತಯಾರಿಸುತ್ತಾರೆ. ಬೇರೆ ಬೇರೆ ಔಷಧಿಗಳಿವೆ, ಆದರೆ ಹೆಚ್ಚು ಓಡುವುದು ಒಂದು ಬಗೆಯ ಸಕ್ಕರೆ. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿ ರೋಗಿಯ ನರಕ್ಕೆ ಚುಚ್ಚುತ್ತಾರೆ. ಕ್ಯಾನ್ಸರ್ ಗಡ್ಡೆಗೆ ಸಕ್ಕರೆ ಎಂದರೆ ಪ್ರಾಣ, ಮದುವೆಮನೆಯಲ್ಲಿ ಶುಗರ್ ಇರುವ ನೆಂಟರು ಜಿಲೇಬಿಯ ತಟ್ಟೆಗೆ ಮುಗಿಬೀಳುವ ಹಾಗೆ ಮುಗಿಬೀಳುತ್ತದೆ. ಸ್ಕ್ಯಾನ್ ತೆಗೆದಾಗ ಆ ಜಾಗ ಹೊಳೆಯುತ್ತದೆ. ಅದನ್ನು ನೋಡಿ ಚಿಕಿತ್ಸೆ ಮುಂದುವರಿಸಬೇಕೋ, ಬದಲಿಸಬೇಕೋ, ನಿಲ್ಲಿಸಬೇಕೋ ಎಂದು ಡಾಕ್ಟರು ತೀರ್ಮಾನಿಸುತ್ತಾರೆ.

ಈ ಔಷಧಿಯ ದೊಡ್ಡ ತೊಂದರೆ ಏನೆಂದರೆ ಅದು ಕಾಯುವುದಿಲ್ಲ. ಸುಮಾರು ನೂರ ಹತ್ತು ನಿಮಿಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಬೆಳಗ್ಗೆ ಏಳಕ್ಕೆ ಎಂಟು ಜನರಿಗೆ ಸಾಲುವಂತಿದ್ದದ್ದು ಒಂಬತ್ತು ಗಂಟೆಗೆ ನಾಲ್ವರಿಗೂ ಸಾಲುವುದು ಅನುಮಾನ. ಆದ್ದರಿಂದ ನನ್ನ ಪರೀಕ್ಷೆಗಳೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಸೀಸದ ಗಾಜಿನ ಹಿಂದಿನಿಂದ ನೋಡಿ ನೀರಿನಷ್ಟು ತಿಳಿಯಾಗಿದೆಯೇ, ಹುಳಿ ಹೆಚ್ಚಿಲ್ಲ ತಾನೇ, ಅಂಟಿಸಿದ ಫ್ಲೋರಿನ್ ಅಂಟಿಕೊಂಡೇ ಇದೆಯೇ ಅಥವಾ ಬಿಟ್ಟುಕೊಂಡು ಊರಾಡುತ್ತಿದೆಯೇ, ಎಲ್ಲ ನೋಡಿ ಸಹಿ ಹಾಕಬೇಕು. ಔಷಧಿಯಲ್ಲಿ ಕ್ರಿಮಿಗಳಿವೆಯೇ ಎಂಬ ಪರೀಕ್ಷೆಯ ಫಲಿತಾಂಶ ಮಾತ್ರ ಹದಿನಾಲ್ಕು ದಿನಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ರೋಗಿ ಮನೆಗೆ ಹೋಗಿ ಎರಡು ವಾರ ಕಳೆದಿರುತ್ತದೆ. ಊಟ ಮಾಡಿ ಕೈ ತೊಳೆದು ಎರಡು ವಾರವಾದ ಮೇಲೆ ಅಡುಗೆ ಚೆನ್ನಾಗಿತ್ತು ಎಂದು ಪತ್ರ ಬರುವುದು ಜಗತ್ತಿನಲ್ಲಿ ನಮ್ಮ ಇಲಾಖೆಯಲ್ಲಿ ಮಾತ್ರ.

ಇನ್ನೊಂದು ಪರೀಕ್ಷೆ ಇದೆ, ಈ ಕತೆಗೆ ಬೇಕಾದದ್ದು ಅದೇ. ಬಂದಿರುವುದು ನಿಜವಾಗಿಯೂ ಫ್ಲೋರಿನ್ನೇ ಎಂದು ಖಚಿತ ಮಾಡಿಕೊಳ್ಳಲು ಅದು ಎಷ್ಟು ಬೇಗ ಕರಗುತ್ತಿದೆ ಎಂದು ನೋಡುತ್ತೇವೆ. ಒಂದು ಸಲ ಅಳೆದು ಸಮಯ ಬರೆಯುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆದು ಸಮಯ ಬರೆಯುವುದು. ಲೆಕ್ಕ ಹಾಕಿದರೆ ಅರ್ಧವಾಗುವ ಅವಧಿ ನೂರ ಐದರಿಂದ ನೂರ ಹದಿನೈದು ನಿಮಿಷದೊಳಗೆ ಬರಬೇಕು. ಕೂಡುವುದು, ಕಳೆಯುವುದು, ಗಡಿಯಾರ ನೋಡುವುದು ಬಂದರೆ ಸಾಕು, ಮೂರನೇ ಕ್ಲಾಸಿನ ಮಕ್ಕಳೂ ಮಾಡಬಹುದಾದ ಪರೀಕ್ಷೆ.

ಗಡಿಯಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಲ್ಯಾಬಿನ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಕೆಟ್ಟು ಹಾಗಾದದ್ದಲ್ಲ. ಮಲ್ಲೇಶ್ವರದಿಂದ ಬರುವ ನಮ್ಮ ಮುಖ್ಯಸ್ಥರು ತಮ್ಮ ಕೈಯಾರೆ ಮುಂದಿಟ್ಟಿದ್ದರು. ಹಾಗೆ ಇಟ್ಟರೆ ಕೆಲಸದವರಿಗೆ ಚುರುಕು ಬರುತ್ತದೆ, ಔಷಧಿ ಹೊತ್ತಿಗೆ ಸರಿಯಾಗಿ ಮೇಲಿನ ಮಹಡಿಗೆ ಹೋಗುತ್ತದೆ ಎಂದು ಅವರ ನಂಬಿಕೆ. ಗಡಿಯಾರ ಹತ್ತು ನಿಮಿಷ ಮುಂದಿದೆ ಎಂದು ಲ್ಯಾಬಿನ ಎಲ್ಲರಿಗೂ ಗೊತ್ತಿತ್ತು, ಹೇಳಿದ್ದೂ ಅವರೇ. ನಾವೆಲ್ಲ ಗೋಡೆ ನೋಡಿ, ಮನಸ್ಸಿನಲ್ಲೇ ಹತ್ತು ಕಳೆದು, ರಿಜಿಸ್ಟರಿನಲ್ಲಿ ಸರಿಯಾದ ಸಮಯ ಬರೆಯುತ್ತಿದ್ದೆವು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ, ಪರಮಾಣುಗಳ ವಂಶಾವಳಿಯನ್ನೇ ಹೇಳಬಲ್ಲ ಜನ, ಗೋಡೆಗೆ ಸುಳ್ಳು ಹೇಳಲು ಬಿಟ್ಟು ಆ ಸುಳ್ಳನ್ನು ತಿದ್ದಿಕೊಳ್ಳುತ್ತ ಕೂತಿದ್ದೆವು.

ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಮೂರು ವರ್ಷ ಬೆನ್ನು ಬಿಡದೆ ಟಿಪ್ಪಣಿ ಬರೆದೆ. ಮೀಟಿಂಗಿನಲ್ಲಿ ಎದ್ದು ನಿಂತು, "ಸರ್, ನಾವು ನಿಮಿಷ ಎಣಿಸೋ ಕೆಲಸ ಮಾಡೋರು, ನಮ್ಮ ಗೋಡೆ ಮೇಲೆ ಸುಳ್ಳು ಗಡಿಯಾರ ಇದ್ರೆ ಹೊರಗಿನವರು ನಗಲ್ವಾ?" ಎಂದೆ. ಅವರು, "ಮೇಡಂ, ನಮ್ಮನೇಲಿ ನಮ್ಮ ತಂದೆ ಕಾಲದಿಂದ ಹೀಗೇ ಇದೆ, ಯಾರೂ ಒಂದು ದಿನ ಲೇಟಾಗಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು. ನಾನು ಕೊನೆಗೆ, ಸಮಯ ಬರೆಯುವ ಎಲ್ಲ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು ಎಂದು ನಿಯಮಾವಳಿಯಲ್ಲೇ ಒಂದು ಸಾಲು ಸೇರಿಸಿ, ಬೇರೆ ಮೂವತ್ತು ಪುಟಗಳ ಜೊತೆ ಅವರ ಸಹಿ ಹಾಕಿಸಿಕೊಂಡೆ. ಒಂದು ಬುಧವಾರ ಸಂಜೆ ಎಲೆಕ್ಟ್ರಿಷಿಯನ್ ಏಣಿ ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿದಾಗ ನಾನು ಕೆಳಗೆ ನಿಂತು ನೋಡಿದೆ. ಬೀಗುತ್ತ ಮನೆಗೆ ಹೋದೆ.

ಈಗ ದೊಡ್ಡಮ್ಮನ ಮನೆಯ ಗಡಿಯಾರ. ದೊಡ್ಡಮ್ಮ ಎಂದರೆ ನಮ್ಮ ಅಮ್ಮನ ಅಕ್ಕ. ಓದಲಿ ಎಂದು ನನ್ನನ್ನು ಎಂಟನೇ ವಯಸ್ಸಿಗೆ ಹಳ್ಳಿಯಿಂದ ಚಾಮರಾಜಪೇಟೆಯ ಅವರ ಮನೆಗೆ ಕಳಿಸಿದ್ದರು. ಆ ಮನೆಯ ಹಾಲಿನ ಗಡಿಯಾರವೂ ಹತ್ತು ನಿಮಿಷ ಮುಂದೆ. ಅದಕ್ಕೆ ಕಾರಣವಿತ್ತು. ದೊಡ್ಡಪ್ಪ ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸೈರನ್ ಕೂಗಿ ಗೇಟು ಹಾಕಿದರೆ ಆವತ್ತಿನ ಕೂಲಿ ಹೋಯಿತು. ಹಾಗಾಗಿ ದೊಡ್ಡಮ್ಮ ಗಡಿಯಾರವನ್ನು ಮುಂದಿಟ್ಟು, ಗಂಡನಿಗೆ ಮುದ್ದೆ ಉಣಿಸಿ ಅಟ್ಟುತ್ತಿದ್ದರು. ದೊಡ್ಡಪ್ಪನೋ ಅದು ಮುಂದಿರುವುದು ಗೊತ್ತಿದ್ದರಿಂದ ಹತ್ತು ನಿಮಿಷ ಕಳೆದುಕೊಂಡೇ ಹೊರಡುತ್ತಿದ್ದರು. ನಾನು ಸ್ಕೂಲಿಗೆ ಹೊರಡುವಾಗ, ಕಾಲೇಜಿಗೆ ಹೊರಡುವಾಗ, ಹತ್ತು ಕಳೆದೆ. ಮಿಲ್ಲು ಮುಚ್ಚಿತು, ದೊಡ್ಡಪ್ಪ ಹೋದರು. ಗಡಿಯಾರ ಮಾತ್ರ ಆಮೇಲೂ ಡ್ಯೂಟಿಗೆ ಹತ್ತು ನಿಮಿಷ ಮುಂಚೆ ಹೋಗುತ್ತಿತ್ತು.

ದೊಡ್ಡಮ್ಮನಿಗೆ ಹೋದ ವರ್ಷ ಕ್ಯಾನ್ಸರ್ ಎಂದು ಗೊತ್ತಾಯಿತು. ಆರು ಕೀಮೋ ಆದವು. ಕೂದಲು ಹೋಗಿ, ಬಾಯಿರುಚಿ ಹೋಗಿ, ಆಳು ಅರ್ಧವಾದರು. ಬೈಯುವ ಶಕ್ತಿ ಮಾತ್ರ ಹಾಗೇ ಇತ್ತು. ಆರನೆಯದಾದ ಮೇಲೆ ಡಾಕ್ಟರು ಸ್ಕ್ಯಾನ್ ಬರೆದರು. ಗಡ್ಡೆ ಪೂರ್ತಿ ಹೋಗಿದ್ದರೆ ಕೀಮೋ ಮುಗಿಯಿತು, ಉಳಿದಿದ್ದರೆ ಮತ್ತೆ ಶುರು. ಅಷ್ಟು ತಿಂಗಳು ನೋವಿಗೆ ತುಟಿ ಪಿಟಕ್ಕೆನ್ನದ ದೊಡ್ಡಮ್ಮ ಆ ಸ್ಕ್ಯಾನಿಗೆ ಮಾತ್ರ ಹೆದರಿದರು. "ಇನ್ನೊಂದ್ಸಲ ಆ ಸೂಜಿ ಅಂದ್ರೆ ನನ್ ಕೈಲಾಗಲ್ಲ ಕಣೆ. ಮುಗೀತು ಅಂತ ಹೇಳಿಸ್ಬಿಡು" ಎಂದರು, ನಾನೇ ಹೇಳಬೇಕಾದವಳು ಎಂಬಂತೆ. ದಿನ ಸಿಕ್ಕಿದ್ದು ಶುಕ್ರವಾರ. ಜಾಗ ಸಿಕ್ಕಿದ್ದು ನಮ್ಮ ಆಸ್ಪತ್ರೆಯಲ್ಲೇ. ಎಂಟು ಜನರ ಪಟ್ಟಿಯಲ್ಲಿ ಅವರು ಆರನೆಯವರು.

ಗುರುವಾರ ತಯಾರಿ ಇರಲಿಲ್ಲ. ಹಾಗಾಗಿ ಗಡಿಯಾರ ಸರಿಯಾದ ಮೇಲೆ ಮೊದಲ ತಯಾರಿ ಶುಕ್ರವಾರದ್ದು. ಬೆಳಗ್ಗೆ ಏಳು ಗಂಟೆಗೆ ಔಷಧಿಯ ಸೀಸೆ ನನ್ನ ಮೇಜಿಗೆ ಬಂತು. ಅಳೆಯುವ ಯಂತ್ರದ ಪ್ರಿಂಟರ್ ಆ ವಾರ ಕೆಟ್ಟಿತ್ತು, ಸಮಯವನ್ನು ಕೈಯಲ್ಲೇ ಬರೆಯುತ್ತಿದ್ದೆವು. ಮೊದಲ ಸಲ ಅಳೆದೆ, ತಲೆಯೆತ್ತಿ ಗೋಡೆ ನೋಡಿದೆ, ಬರೆದೆ. ಬೇರೆ ಪರೀಕ್ಷೆಗಳನ್ನು ಮುಗಿಸಿ, ಕಂಪ್ಯೂಟರಿನ ಮುಂದೆ ಕೂತು, ಹದಿನೈದು ನಿಮಿಷಕ್ಕೆ ಅಲಾರಂ ಹೊಡೆದಾಗ ಎರಡನೆಯ ಸಲ ಅಳೆದೆ, ಕಂಪ್ಯೂಟರಿನ ಮೂಲೆಯಲ್ಲಿದ್ದ ಸಮಯ ಬರೆದೆ. ಲೆಕ್ಕ ಹಾಕಿದಾಗ ನೂರ ಹತ್ತರ ಆಸುಪಾಸಿನಲ್ಲಿ ಬರಬೇಕಾದದ್ದು ನೂರ ಎಂಬತ್ತು ದಾಟಿತ್ತು.

ಅಂದರೆ ಸೀಸೆಯಲ್ಲಿರುವುದು ತಾನು ಫ್ಲೋರಿನ್ ಎಂದು ಹೇಳಿಕೊಂಡು ಬಂದ ಬೇರೆ ಏನೋ, ಅಥವಾ ಬೇರೆ ಏನೋ ಬೆರೆತಿದೆ. ಉಳಿದ ಪರೀಕ್ಷೆಗಳೆಲ್ಲ ಚಿನ್ನದಂತಿದ್ದವು. ನಾನು ಕೆಂಪು ಚೀಟಿ ಅಂಟಿಸಿದೆ.

ಮುಖ್ಯಸ್ಥರು ಓಡಿ ಬಂದರು. "ಮೇಡಂ, ಇನ್ನೊಂದ್ಸಲ ಅಳೀರಿ, ಹದಿನೈದು ನಿಮಿಷದ ಕೆಲಸ."

"ಆಗಲ್ಲ ಸರ್. ಫೇಲ್ ಆದ್ರೆ ಕಾರಣ ಹುಡುಕಿ ಬರೆದ ಮೇಲೇ ಮತ್ತೆ ಅಳೀಬೇಕು. ಪಾಸಾಗೋವರೆಗೂ ಅಳೆಯೋದಕ್ಕೆ ಪರೀಕ್ಷೆ ಅಂತಾರಾ?"

"ಮೇಲೆ ಎಂಟು ಜನ ಖಾಲಿ ಹೊಟ್ಟೇಲಿ ಕೂತಿದಾರೆ."

"ಗೊತ್ತು ಸರ್. ಅದರಲ್ಲಿ ಒಬ್ರು ನಮ್ಮ ದೊಡ್ಡಮ್ಮ."

ಈ ಮಾತನ್ನು ನಾನು ಎಷ್ಟು ಹೆಮ್ಮೆಯಿಂದ ಹೇಳಿದೆ ಎಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನನ್ನವರು ಸಾಲಿನಲ್ಲಿದ್ದರೂ ನಿಯಮ ಸಡಿಲಿಸದ ಮಹಾತಾಯಿ ನಾನು ಎಂದು ನಾಲ್ಕು ಜನ ನೋಡಲಿ ಎಂಬ ಆಸೆ ನನಗಿತ್ತು. ನಾಲ್ಕು ಜನ ಅಲ್ಲೇ ನಿಂತಿದ್ದರು, ನೋಡಿದರು ಕೂಡ.

ಕಾರಣ ಹುಡುಕಲು ಶುರು ಮಾಡಿದೆವು. ಅಳೆಯುವ ಯಂತ್ರಕ್ಕೆ ಗೊತ್ತಿರುವ ಮಾದರಿ ಇಟ್ಟು ನೋಡಿದೆವು, ಸರಿಯಾಗಿತ್ತು. ಮೇಜು ಒರೆಸಿದ ಬಟ್ಟೆಯನ್ನು ಅಳೆದೆವು, ಏನೂ ಚೆಲ್ಲಿರಲಿಲ್ಲ. ಸೀಸೆಯ ಚೀಟಿ ನೋಡಿದೆವು, ತಯಾರಿಯವರ ರಿಜಿಸ್ಟರನ್ನು ಸಾಲು ಸಾಲಾಗಿ ಓದಿದೆವು. ತಯಾರಿ ಮಾಡಿದ ಕೆಮಿಸ್ಟನ್ನು ಎದುರಿಗೆ ಕೂರಿಸಿಕೊಂಡು ನಾನು ಕೇಳಿದ ಪ್ರಶ್ನೆಗಳನ್ನು ಪೊಲೀಸರೂ ಕೇಳಲಿಕ್ಕಿಲ್ಲ. ಎಲ್ಲ ಒಗಟಾಗಿತ್ತು. ನಾವು ಒಂದೊಂದೇ ಪುಟ ತಿರುಗಿಸುತ್ತಿದ್ದರೆ ಸೀಸೆಯೊಳಗಿನ ಔಷಧಿ ತನ್ನ ಪಾಡಿಗೆ ತಾನು ಕರಗುತ್ತಿತ್ತು.

ಆಗ ದೊಡ್ಡಮ್ಮನ ಫೋನು ಬಂತು. ಜೊತೆಗೆ ಬಂದಿದ್ದ ಸೊಸೆಯ ಮೊಬೈಲಿನಿಂದ ಮಾಡಿದ್ದರು.

"ಏನೇ, ನಿಮ್ಮ ಔಷಧಿ ಬೆಂದಿಲ್ವಾ ಇನ್ನೂ?"

"ಸ್ವಲ್ಪ ತಡ ಆಗುತ್ತೆ ದೊಡ್ಡಮ್ಮ. ಏನೋ ನೋಡ್ತಿದೀವಿ."

"ರಾತ್ರಿ ಎಂಟಕ್ಕೆ ತಿಂದಿದ್ದು. ಹೊಟ್ಟೆ ಬೆನ್ನಿಗಂಟ್ಕೊಂಡಿದೆ. ಇನ್ನೆಷ್ಟೊತ್ತು ಕೂರ್ಲಿ?"

ನಾನು ಗೋಡೆ ನೋಡಿದೆ. "ಈಗಿನ್ನೂ ಎಂಟೂವರೆ ದೊಡ್ಡಮ್ಮ, ಒಂಬತ್ತರೊಳಗೆ ಹೇಳ್ತೀನಿ."

"ಯಾವ ಎಂಟೂವರೆ? ಇಲ್ಲಿ ಟೋಕನ್ ನಂಬರ್ ತೋರಿಸೋ ಟೀವೀಲಿ ಎಂಟು ನಲವತ್ತು ಅಂತಿದೆ. ನನ್ನ ಕಣ್ಣು ಇನ್ನೂ ಚೆನ್ನಾಗೇ ಇದೆ. ಯಾಕೆ, ನಿಮ್ಮಲ್ಲೂ ನಮ್ಮನೆ ಥರಾನೇ ಗಡಿಯಾರ ಮುಂದಿಟ್ಕೊಂಡು ಹತ್ತು ಕಳೀತೀರಾ?"

"ಇಲ್ಲ ದೊಡ್ಡಮ್ಮ, ಮೊನ್ನೆ ತಾನೇ ಸರಿ..." ಎಂದವಳು ಅಲ್ಲಿಗೇ ನಿಂತೆ.

ಗೋಡೆಯ ಗಡಿಯಾರ ತೋರಿಸುತ್ತಿದ್ದದ್ದು ಎಂಟು ನಲವತ್ತನ್ನೇ. ನಾನು ಅದನ್ನು ನೋಡಿ, ಹತ್ತು ಕಳೆದು, ಎಂಟೂವರೆ ಎಂದು ಹೇಳಿದ್ದೆ. ಕಳೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ರಿಜಿಸ್ಟರ್ ತೆರೆದೆ. ಮೊದಲ ಅಳತೆಯ ಎದುರು ಆರು ಐವತ್ತೈದು ಎಂದು ನನ್ನದೇ ದುಂಡಗಿನ ಅಕ್ಷರದಲ್ಲಿತ್ತು. ಸೀಸೆ ನನ್ನ ಮೇಜಿಗೆ ಬಂದದ್ದೇ ಏಳು ಗಂಟೆಗೆ. ಇನ್ನೂ ಬಂದಿರದ ಔಷಧಿಯನ್ನು ನಾನು ಐದು ನಿಮಿಷ ಮುಂಚೆಯೇ ಅಳೆದಿದ್ದೆ. ಕಾರಣ ಹುಡುಕುತ್ತ ಎಲ್ಲರ ಬರಹವನ್ನೂ ಭೂತಗನ್ನಡಿ ಹಿಡಿದು ಓದಿದವಳು ನನ್ನ ಸಾಲನ್ನು ಮಾತ್ರ ಓದಿರಲಿಲ್ಲ. ಹದಿನೈದು ನಿಮಿಷದಲ್ಲಿ ಕರಗಿದ್ದನ್ನು ಇಪ್ಪತ್ತೈದು ನಿಮಿಷದಲ್ಲಿ ಕರಗಿತು ಎಂದು ಲೆಕ್ಕ ಹಾಕಿದರೆ ಫ್ಲೋರಿನ್ ಏನು, ಪಾಪ, ಯಾರೇ ಆದರೂ ಸೋಮಾರಿಯಾಗಿಯೇ ಕಾಣುತ್ತಾರೆ.

ಕಾರಣವನ್ನು ಬರೆದು ಮುಖ್ಯಸ್ಥರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಗಡಿಯಾರ ನಾನಿಟ್ಟ ಹಾಗೇ ಇದ್ದಿದ್ರೆ ಹಿಂಗಾಗ್ತಿತ್ತಾ ಮೇಡಂ?"

ಮೂರು ವರ್ಷ ಕಾದಿದ್ದ ಮನುಷ್ಯ, ಒಂದೇ ಸಾಲಿನಲ್ಲಿ ತೀರಿಸಿಕೊಂಡರು. ಮತ್ತೆ ಅಳೆದೆ, ಈ ಸಲ ಎರಡೂ ಸಮಯವನ್ನು ಇನ್ನಿಬ್ಬರ ಎದುರು ಕಂಪ್ಯೂಟರ್ ನೋಡಿ ಬರೆದೆ. ನೂರ ಒಂಬತ್ತು ನಿಮಿಷ ಬಂತು. ಔಷಧಿ ಬೆಳಗಿನಿಂದಲೂ ಅಪ್ಪಟವಾಗಿಯೇ ಇತ್ತು. ನಾನು ಬಿಡುಗಡೆಗೆ ಸಹಿ ಹಾಕಿದಾಗ ಒಂಬತ್ತು ದಾಟಿ ಹತ್ತು ನಿಮಿಷ. ಏಳು ನಲವತ್ತಕ್ಕೆ ಹೋಗಬೇಕಾಗಿದ್ದದ್ದು.

ಬೆಳಗ್ಗೆ ಸ್ವಲ್ಪ ಹೆಚ್ಚೇ ತಯಾರಿಸಿದ್ದರಿಂದ ಉಳಿದದ್ದು ಐದು ಜನರಿಗೆ ಸಾಲುವಷ್ಟು. ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ದೊಡ್ಡಮ್ಮನ್ನ ಐದರೊಳಗೆ ಸೇರಿಸೋಣ್ವಾ? ವಯಸ್ಸಾದೋರು, ಡಾಕ್ಟರ್‌ಗೆ ನಾನು ಹೇಳ್ತೀನಿ" ಎಂದರು. ಅವರು ವ್ಯಂಗ್ಯವಾಗಿ ಹೇಳಿರಲಿಲ್ಲ, ಮನಸಾರೆ ಹೇಳಿದ್ದರು, ನನಗೆ ಅದೇ ಹೆಚ್ಚು ಚುಚ್ಚಿತು. ಬೇಡ ಎಂದೆ. ಒಬ್ಬರನ್ನು ಒಳಗೆ ಸೇರಿಸಿದರೆ ಇನ್ನೊಬ್ಬರು ಹೊರಗೆ. ನನ್ನ ತಪ್ಪಿಗೆ ದೂರದೂರಿನಿಂದ ಬಸ್ಸು ಹತ್ತಿ ಬಂದವರು ಯಾಕೆ ತೆರಬೇಕು? ಆದರೆ ಬಾಯಲ್ಲಿ ಬೇಡ ಎನ್ನುವಾಗ ಮನಸ್ಸು ಸೇರಿಸಿ, ಸೇರಿಸಿ ಎನ್ನುತ್ತಿತ್ತು. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮೇಲೆ ಹೋದೆ. ದೊಡ್ಡಮ್ಮ ಸ್ವೆಟರ್ ಹಾಕಿಕೊಂಡು, ಬೋಳುತಲೆಗೆ ಮಂಕಿ ಕ್ಯಾಪ್ ಎಳೆದುಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಇವತ್ತು ಆಗುವುದಿಲ್ಲ, ಸೋಮವಾರ ಬರಬೇಕು ಎಂದೆ. ಸೊಸೆ ಯಾಕೆಂದು ಕೇಳಿದಳು. ಮೆಷೀನ್ ಕೆಟ್ಟಿದೆ ಎಂದು ಹೇಳಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಆಸ್ಪತ್ರೆಗಳಲ್ಲಿ ಮೆಷೀನುಗಳು ಕೆಡುವುದೇ ಅದಕ್ಕೆ. ನಾನು ನಿಜ ಹೇಳಿದೆ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಔಷಧಿ ಸರಿಯಾಗೇ ಇತ್ತು."

"ಹೂಂ."

"ನೀನೇ ಫೇಲ್ ಮಾಡ್ದೆ."

"ಹೂಂ."

"ನಿಮ್ ಸಾಹೇಬ್ರು ಇನ್ನೊಂದ್ಸಲ ನೋಡು ಅಂದ್ರೂ ನೋಡ್ಲಿಲ್ಲ."

"ರೂಲ್ ಹಾಗಿದೆ ದೊಡ್ಡಮ್ಮ."

"ಯಾರು ಬರೆದಿದ್ದು ಆ ರೂಲು?"

"ನಾನೇ."

ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬ್ಯಾಗಿನಿಂದ ಡಬ್ಬಿ ತೆಗೆದು, ಸ್ಕ್ಯಾನ್ ಆದ ಮೇಲೆ ತಿನ್ನಲೆಂದು ತಂದಿದ್ದ ರಾಗಿ ರೊಟ್ಟಿಯನ್ನು ಅಲ್ಲೇ ಮುರಿದು ತಿನ್ನತೊಡಗಿದರು. ಅರ್ಧ ತಿಂದು ಹೇಳಿದರು. "ಇವತ್ತು ಗೊತ್ತಾಗುತ್ತೆ ಅಂತ ಗಟ್ಟಿ ಮನಸ್ಸು ಮಾಡ್ಕೊಂಡು ಬಂದಿದ್ದೆ. ಇನ್ನು ಮೂರು ದಿನ ಮತ್ತೆ ಮಾಡ್ಕೋಬೇಕು." ನನಗೆ ಅಳು ಬಂತು. ದೊಡ್ಡಮ್ಮ ಉಳಿದ ಅರ್ಧ ರೊಟ್ಟಿಯನ್ನು ನನ್ನ ಕೈಗಿಟ್ಟು, ನೀನೂ ಏನೂ ತಿಂದಿರಲ್ಲ ಎಂದರು.

ಲ್ಯಾಬಿನಲ್ಲಿ ವರದಿ ಬರೆಯಬೇಕಿತ್ತು. ಮೂಲ ಕಾರಣ ಎಂಬ ಅಂಕಣದಲ್ಲಿ, 'ಸರಿಯಾಗಿದ್ದ ಗಡಿಯಾರದಿಂದ ಪರೀಕ್ಷಕಿ ಅಭ್ಯಾಸಬಲದಿಂದ ಹತ್ತು ನಿಮಿಷ ಕಳೆದಿದ್ದಾರೆ' ಎಂದು ಬರೆದೆ. ಮತ್ತೆ ಹೀಗಾಗದಂತೆ ಏನು ಮಾಡುತ್ತೀರಿ ಎಂಬ ಅಂಕಣಕ್ಕೆ ತರಬೇತಿ ಎಂದು ಬರೆಯಲೇಬೇಕು, ಅದಿಲ್ಲದೆ ವರದಿಗೆ ಮೋಕ್ಷವಿಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನ, ಎಂ.ಎಸ್ಸಿ., ಪಿಎಚ್.ಡಿ. ಮಾಡಿದ ಹನ್ನೆರಡು ಜನರನ್ನು ಕೂರಿಸಿಕೊಂಡು, ಗೋಡೆ ಗಡಿಯಾರ ನೋಡುವುದು ಹೇಗೆ ಎಂದು ನಾನು ತರಬೇತಿ ಕೊಟ್ಟೆ. ಚಿಕ್ಕ ಮುಳ್ಳು ಗಂಟೆ, ದೊಡ್ಡ ಮುಳ್ಳು ನಿಮಿಷ, ತೋರಿಸಿದ್ದನ್ನೇ ಬರೆಯಬೇಕು, ಏನನ್ನೂ ಕಳೆಯಬಾರದು. ಕೊನೆಗೆ ಪರೀಕ್ಷೆಯೂ ಇತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯಸ್ಥರೂ ಸೇರಿ ಇಬ್ಬರು ಹತ್ತು ನಿಮಿಷ ಕಡಿಮೆ ಬರೆದರು. ಎಲ್ಲರೂ ಪಾಸಾದರು ಎಂದು ಸಹಿ ಹಾಕಿಸಿಕೊಂಡೆವು.

ಅವತ್ತು ಸಂಜೆ ದೊಡ್ಡಮ್ಮನ ಮನೆಗೆ ಹೋದಾಗ ಹಾಲಿನಲ್ಲಿ ಗಡಿಯಾರದ ಕೆಳಗೆ ಸ್ಟೂಲ್ ಹಾಕಿಟ್ಟಿದ್ದರು.

"ಹತ್ತು, ಅದನ್ನ ಸರಿ ಮಾಡು."

"ಯಾಕೆ ದೊಡ್ಡಮ್ಮ, ಇಷ್ಟು ವರ್ಷ ಇತ್ತಲ್ಲ?"

"ನಿಮ್ಮ ದೊಡ್ಡಪ್ಪಂಗೆ ಗೇಟು ಹಾಕ್ಬಿಡ್ತಾರೆ ಅಂತ ಇಟ್ಟಿದ್ದು. ಈಗ್ಯಾವ ಗೇಟು? ಇನ್ನೂ ಹತ್ತು ನಿಮಿಷ ಕೈಲಿದೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡು ಕೂರೋದು ಸಾಕು. ಎಷ್ಟಿದೆಯೋ ಅಷ್ಟೇ ತೋರಿಸ್ಲಿ."

ಹತ್ತಿದೆ, ಸರಿ ಮಾಡಿದೆ. ಸೋಮವಾರ ಔಷಧಿ ಪಾಸಾಯಿತು, ಸ್ಕ್ಯಾನೂ ಆಯಿತು. ದೊಡ್ಡ ಗಡ್ಡೆಗಳೆಲ್ಲ ಆರಿಹೋಗಿದ್ದವು. ಒಂದು ಚುಕ್ಕಿ ಮಾತ್ರ ಹೊಳೆಯುತ್ತಿತ್ತು, ನಾನು ಕೈಯಾರೆ ಪಾಸು ಮಾಡಿ ಕಳಿಸಿದ ಸಕ್ಕರೆಯಿಂದಲೇ. ಇನ್ನೂ ಎರಡು ಕೀಮೋ ಬೇಕು ಎಂದರು ಡಾಕ್ಟರು. ನಾನು ಹೇಳಿದಾಗ ದೊಡ್ಡಮ್ಮ ಕ್ಯಾಪನ್ನು ಕಿವಿಯವರೆಗೆ ಎಳೆದುಕೊಂಡರು. ಆಮೇಲೆ, "ಈ ಲೆಕ್ಕ ಸರಿ ತಾನೇ? ಏನೂ ಕಳೆದಿಲ್ಲ ತಾನೇ?" ಎಂದು ಕೇಳಿದರು. ಕಳೆದಿಲ್ಲ ಎಂದೆ. ಆ ಒಂದು ಸಲ ಕಳೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಏಳನೆಯ ಕೀಮೋದ ದಿನ ಕರೆದೊಯ್ಯಲು ನಾನೇ ರಜೆ ಹಾಕಿ ಹೋಗಿದ್ದೆ. ಬೀದಿಯಲ್ಲಿ ಆಟೋ ನಿಂತಿತ್ತು. ಆ ಕೈಲಾಗದ ಸೂಜಿಗೆ ಹೊರಟ ದೊಡ್ಡಮ್ಮ ಕ್ಯಾಪ್ ಹಾಕಿಕೊಂಡು ಬಾಗಿಲಲ್ಲಿದ್ದರು. ನನಗೇ ಹೊರಡಲು ಮನಸ್ಸಿರಲಿಲ್ಲ. ಹಾಲಿನ ಗಡಿಯಾರ ನೋಡಿ ಹೇಳಿದೆ. "ಇನ್ನೂ ಹತ್ತು ನಿಮಿಷ ಇದೆ ದೊಡ್ಡಮ್ಮ, ಕೂತ್ಕೊಳ್ಳಿ. ಒಂದು ಲೋಟ ಕಾಫಿ ಕುಡಿದು ಹೊರಡೋಣ."

"ಇಲ್ಲ ಕಣೆ" ಎಂದರು ದೊಡ್ಡಮ್ಮ. "ಅದು ತೋರಿಸ್ತಿರೋದೇ ಟೈಮು. ನಡಿ, ಚಪ್ಪಲಿ ಹಾಕ್ಕೊ."